ಏಳನೆಯ ಹಾಳೆಯ ಕಾಲು

ಬೆಳಗಿನಿಂದ ಅವಳು ಒಂದೇ ವಾಕ್ಯದ ಮುಂದೆ ಕೂತಿದ್ದಳು. ಹೊಸ ಸಭಾಂಗಣದ ಗೋಡೆಗೆ ಹಾಕುವ ಫಲಕಕ್ಕೆ ನೂರಿಪ್ಪತ್ತು ಪದ ಬೇಕಿತ್ತು. ಕಲೆಯ ಮುಖ್ಯ ಶಾಖೆಗಳ ಬಗ್ಗೆ, ಶಾಲೆಯ ಮಕ್ಕಳಿಗೂ ಅರ್ಥವಾಗುವ ಹಾಗೆ. ಚಿತ್ರ, ಶಿಲ್ಪ, ವಾಸ್ತು, ಸಂಗೀತ, ನೃತ್ಯ, ನಾಟಕ, ಕಾವ್ಯ. ಬರೆದು ನೋಡಿದರೆ ಏಳು ಪದಗಳೂ ಬಸ್ಸಿಗೆ ಕಾದು ನಿಂತ, ಒಬ್ಬರ ಮುಖ ಒಬ್ಬರು ನೋಡದ ಜನರ ಹಾಗೆ ಕಂಡವು. ಇವುಗಳ ನಡುವೆ ಆಳವಾದ ಸಂಬಂಧವಿದೆ ಎಂದು ಬರೆದಳು, ಹೊಡೆದುಹಾಕಿದಳು. ಹತ್ತು ತಿಂಗಳಿಂದ ಸಂಬಂಧ ಎಂಬ ಪದವನ್ನು ಅವಳು ಅರ್ಜಿಗಳಲ್ಲಿ ಮಾತ್ರ ನೋಡಿದ್ದಳು. ಮೃತರೊಂದಿಗೆ ಅರ್ಜಿದಾರರ ಸಂಬಂಧ, ಆಮೇಲೆ ಚುಕ್ಕೆಗಳ ಒಂದು ಗೆರೆ, ಆ ಗೆರೆಯ ಮೇಲೆ ಅವಳು ಬರೆಯಬೇಕಾದ ಎರಡಕ್ಷರ. ಗೆರೆ ಯಾವಾಗಲೂ ಬೇಕಾದದ್ದಕ್ಕಿಂತ ಉದ್ದವಾಗಿರುತ್ತಿತ್ತು. ಇನ್ನೂ ಏನಾದರೂ ಬರೆಯಲಿ ಎಂದು ಕಾಯುತ್ತಿರುವ ಹಾಗೆ.

ಸಂಗ್ರಹಾಲಯದ ಹಿಂಬದಿಯ ಈ ಕೋಣೆಯಲ್ಲಿ ಹಳೆಯ ಚಿತ್ರಗಳನ್ನು ದುರಸ್ತಿ ಮಾಡುತ್ತಿದ್ದರು. ಗಂಡ ದುರಸ್ತಿ ಮಾಡುವವನು. ಅವಳು ಅದರ ದಾಖಲೆ ಬರೆಯುವವಳು. ಕಿಟಕಿಯ ಪಕ್ಕದ ಅವನ ಕುರ್ಚಿಯ ಮೇಲೆ ಯಾರೋ ಬ್ಲಾಟಿಂಗ್ ಕಾಗದದ ಕಟ್ಟೊಂದನ್ನು ಇಟ್ಟಿದ್ದರು. ಖಾಲಿ ಕುರ್ಚಿ ಅವಳ ಕಣ್ಣಿಗೆ ಬೀಳದಿರಲಿ ಎಂದೋ, ಜಾಗವಿಲ್ಲದೆಯೋ, ಅವಳು ಕೇಳಲಿಲ್ಲ. ಈಗ ಯಾರಿಗಾದರೂ ಆ ಕಾಗದ ಬೇಕಾದರೆ ಒಂದು ಕ್ಷಣ ತಡೆದು, ಅವಳ ಕಡೆ ನೋಡಿ, ಮೇಲಿನ ಹಾಳೆಯನ್ನು ಸದ್ದಾಗದಂತೆ ಎಳೆದುಕೊಳ್ಳುತ್ತಿದ್ದರು. ಚೌಕಟ್ಟು ಹಾಕುವವರು ಮೊದಲೆಲ್ಲ ಕೋಣೆಯ ಆ ತುದಿಯಿಂದ ಕೂಗುತ್ತಿದ್ದರು, "ಏನಮ್ಮಾ ದಾಖಲೆ, ಇವತ್ತಾದ್ರೂ ನಿನ್ ಗಂಡನ ಅಕ್ಷರ ಓದಕ್ಕೆ ಬಂತಾ?" ಈಗ ಅವರು ಹತ್ತಿರ ಬಂದು, ಬಗ್ಗಿ, ಆಸ್ಪತ್ರೆಯ ದನಿಯಲ್ಲಿ ಟೀ ಬೇಕಾ ಎನ್ನುತ್ತಿದ್ದರು. ಬೇಡ ಎಂದರೂ ತರುತ್ತಿದ್ದರು. ಅವಳು ಕುಡಿಯುತ್ತಿದ್ದಳು. ಅಳಬೇಕು ಎಂದು ಎಲ್ಲರೂ ಕಾಯುತ್ತಿದ್ದ ಹೊತ್ತಿನಲ್ಲಿ ಅವಳು ಅತ್ತಿರಲಿಲ್ಲ. ಅದಕ್ಕೇ ಇವರೆಲ್ಲ ಇನ್ನೂ ಕಾಯುತ್ತಿದ್ದಾರೆ, ತಾನು ಇವರಿಗೆ ಏನೋ ಕೊಡುವುದು ಬಾಕಿ ಉಳಿಸಿಕೊಂಡಿದ್ದೇನೆ ಎಂದು ಅವಳಿಗೆ ಅನಿಸುತ್ತಿತ್ತು.

ಹನ್ನೊಂದರ ಹೊತ್ತಿಗೆ ಸಂಶೋಧಕಿ ಬಂದರು. ಒಂದು ಕನ್ನಡಕ ಮೂಗಿನ ಮೇಲೆ, ಇನ್ನೊಂದು ತಲೆಯ ಮೇಲೆ. ಗಂಡ ಅವರಿಗೆ ಆರುಗಣ್ಣಮ್ಮ ಎಂದು ಹೆಸರಿಟ್ಟಿದ್ದ. ಅದು ಅವರ ಕಿವಿಗೂ ಬಿದ್ದು, "ಎಂಟು ಅನ್ನಪ್ಪ, ಬ್ಯಾಗಲ್ಲಿ ಇನ್ನೊಂದಿದೆ" ಎಂದು ಅವರೇ ತಿದ್ದಿದ್ದರು. ಹನ್ನೆರಡು ಹಾಳೆಗಳ ಒಂದು ಹಳೆಯ ಚಿತ್ರಮಾಲೆಯ ಮೇಲೆ ಅವರು ಪುಸ್ತಕ ಬರೆದಿದ್ದರು. ಒಂದೊಂದು ಹಾಳೆಯಲ್ಲೂ ಒಂದೊಂದು ರಾಗ, ಹೆಣ್ಣಾಗಿಯೋ ಗಂಡಾಗಿಯೋ ಕೂತಿತ್ತು. ಆ ಹನ್ನೆರಡನ್ನೂ ಗಂಡ ದುರಸ್ತಿ ಮಾಡಿದ್ದ. ಅದೇ ಅವನ ಕೊನೆಯ ಕೆಲಸ.

"ಬಾರಮ್ಮ ಇಲ್ಲಿ, ಐದೇ ನಿಮಿಷ" ಎಂದರು ಸಂಶೋಧಕಿ. "ನಾಳೆ ಮಧ್ಯಾಹ್ನ ಪುಸ್ತಕ ಅಚ್ಚಿಗೆ ಹೋಗತ್ತೆ. ಏಳನೇ ಹಾಳೆಯನ್ನ ಕೊನೇ ಸಲ ನೋಡ್ಕೊಂಡು ಬಿಡ್ತೀನಿ. ನೀನೂ ನೋಡು. ಅರ್ಧ ಪುಸ್ತಕ ಇದರ ಮೇಲೇ ನಿಂತಿದೆ."

ಏಳನೆಯ ಹಾಳೆಯಲ್ಲಿ ಒಬ್ಬ ಹೆಣ್ಣುಮಗಳು ಹುಲ್ಲಿನ ಮೇಲೆ ಕೂತು ವೀಣೆ ನುಡಿಸುತ್ತಿದ್ದಳು. ಎರಡು ಜಿಂಕೆಗಳು ಮೇಯುವುದನ್ನು ಬಿಟ್ಟು ಕೇಳುತ್ತಿದ್ದವು. ಮೇಲೆ ಹಳದಿ ಪಟ್ಟಿಯಲ್ಲಿ ಎರಡು ಸಾಲು ಪದ್ಯ. ಬಲಗಾಲು ಮಡಿಚಿತ್ತು, ಎಡಗಾಲು ಹಸಿರಿನ ಕಡೆಗೆ ಚಾಚಿತ್ತು. ಇಂಥ ಒಂದು ಹಾಳೆಗೆ ಎಲ್ಲಾ ಕಲೆನೂ ಬೇಕು ಕಣೆ, ಎಂದು ಗಂಡ ಒಮ್ಮೆ ಹೇಳಿದ್ದ. ರಾಗ ಗೊತ್ತಿಲ್ಲದಿದ್ದರೆ ಈ ಕತ್ತು ಹೀಗೆ ಬಾಗುವುದಿಲ್ಲ, ನೃತ್ಯ ನೋಡದಿದ್ದವನಿಗೆ ಈ ಬೆರಳು ಬರುವುದಿಲ್ಲ, ಪದ್ಯ ಓದದಿದ್ದರೆ ಜಿಂಕೆ ಬರೀ ಜಿಂಕೆ. ಅವಳು ಆಗ ಬೇರೇನೋ ಬರೆಯುತ್ತಿದ್ದಳು. ಹೂಂ ಎಂದಿದ್ದಳು.

"ಎಡಗಾಲು ನೋಡು" ಎಂದು ಸಂಶೋಧಕಿ ಭೂತಗನ್ನಡಿಯನ್ನು ಅವಳ ಕಡೆ ತಿರುಗಿಸಿದರು. "ಉಳಿದ ಹನ್ನೊಂದು ಹಾಳೆಲಿ ಕಾಲು ಅಂದ್ರೆ ಒಂದೇ ಅಚ್ಚು. ಹೆಬ್ಬೆರಳು ಉದ್ದ, ಆಮೇಲೆ ಮೆಟ್ಟಿಲು ಇಳಿದ ಹಾಗೆ. ಇದರಲ್ಲಿ ಎರಡನೇ ಬೆರಳು ಹೆಬ್ಬೆರಳಿಗಿಂತ ಉದ್ದ! ತುದೀಲಿ ಒಂಚೂರು ಬಾಗಿದೆ ಬೇರೆ. ಯಾರನ್ನೋ ಎದುರಿಗೆ ಕೂರಿಸ್ಕೊಂಡು ನೋಡಿ ಬರೆದಿದಾನೆ ಪುಣ್ಯಾತ್ಮ. ಮುನ್ನೂರು ವರ್ಷದ ಹಿಂದೆ! ಕಿರುಬೆರಳನ್ನ ಸೀರೆ ಅಂಚಲ್ಲಿ ಮುಚ್ಚಿರೋದು ನೋಡು, ಎಷ್ಟು ನಾಜೂಕು. ಇವನು ಬೇರೇನೇ ಕೈ ಅಂತ ನಾನು ವಾದಿಸಿದೀನಿ. ಹೆಸರು ಗೊತ್ತಿಲ್ವಲ್ಲ, ನಾನೇ ಇಟ್ಟೆ. ಉದ್ದಬೆರಳಿನ ಚಿತ್ರಕಾರ."

ಅವಳು ಬಗ್ಗಿ ನೋಡಿದಳು. ಗಾಜಿನ ಅಂಚಿನಲ್ಲಿ ಮೊದಲು ಹುಲ್ಲು ಕಂಡಿತು, ಆಮೇಲೆ ಹಿಮ್ಮಡಿಯ ಗುಂಡು, ಆಮೇಲೆ ಬೆರಳು. ಅದು ಅವಳ ಕಾಲಾಗಿತ್ತು. ತನ್ನ ಮುಖವನ್ನು ಅಂಗಡಿಯ ಗಾಜಿನಲ್ಲಿ ತಟ್ಟನೆ ಕಂಡಾಗ ಯಾರೋ ಎನಿಸುವುದುಂಟು. ಆದರೆ ಕಾಲನ್ನು ಕಂಡಾಗ ಹಾಗಾಗಲಿಲ್ಲ. ಎರಡನೆಯ ಬೆರಳು ಬಾಗಿದ್ದು ಅಕ್ಕನಿಗೆ ಚಿಕ್ಕದಾದ ಬೂಟನ್ನು ಎರಡು ವರ್ಷ ಹಾಕಿಕೊಂಡು ಶಾಲೆಗೆ ಹೋಗಿ. ಮುನ್ನೂರು ವರ್ಷದ ಹಿಂದೆ ಯಾರ ಕಾಲೂ ಆ ಬೂಟಿನಲ್ಲಿ ಇರಲಿಲ್ಲ. ಅವಳು ಮೇಜಿನ ಕೆಳಗೆ ಚಪ್ಪಲಿಯೊಳಗೇ ಬೆರಳುಗಳನ್ನು ಮಡಿಚಿಕೊಂಡಳು, ಯಾರಾದರೂ ನೋಡಿಬಿಟ್ಟಾರು ಎಂಬಂತೆ.

"ಚೆನ್ನಾಗಿದೆ" ಎಂದಳು.

"ಬರೀ ಚೆನ್ನಾಗಿದೆಯಾ? ಹೋಗಮ್ಮ, ನಿನ್ ಹತ್ರ ಮಾತು ತೆಗೆಸೋದು ಬಾವಿಯಿಂದ ನೀರು ಸೇದಿದ ಹಾಗೆ" ಎಂದು ಸಂಶೋಧಕಿ ನಕ್ಕು, ಕೂಡಲೇ ನಗಬಾರದಿತ್ತೇನೋ ಎಂದು ಅವಳ ಭುಜ ಮುಟ್ಟಿದರು.

ಅದು ಗಂಡ ಇದ್ದಾಗಿನ ಒಂದು ಭಾನುವಾರದ ಮಧ್ಯಾಹ್ನ. ಅವಳು ಸೋಫಾದ ಮೇಲೆ ಕಾಲು ಚಾಚಿ ಯಾವುದೋ ಕರಡು ತಿದ್ದುತ್ತಿದ್ದಳು. ಗಂಡ ನೆಲದ ಮೇಲೆ ಕೂತು, ಮೊಣಕಾಲಿನ ಮೇಲೆ ಹಲಗೆಯಿಟ್ಟು ಏನೋ ಗೀಚುತ್ತಿದ್ದ. "ಅಲ್ಲಾಡಿಸ್ಬೇಡ." "ಏನು?" "ಕಾಲು." "ಯಾಕೆ, ಇರುವೆ ಇದೆಯಾ?" "ಇರುವೆ ಅಲ್ಲ, ನಾನಿದೀನಿ." ಅವಳಿಗೆ ನಗು ಬಂದಿತ್ತು, ಆದರೆ ಕರಡು ಮರುದಿನ ಕೊಡಬೇಕಿತ್ತು, ಕಾಲು ಜೋಮು ಹಿಡಿದಿತ್ತು. "ಇನ್ನೊಂದೇ ಬೆರಳು ಕಣೆ" ಎಂದು ಅವನು ಹೇಳುತ್ತಿದ್ದಂತೆಯೇ ಅವಳು ಕಾಲನ್ನು ಎಳೆದುಕೊಂಡು ಮಡಿಚಿ ಕೂತಿದ್ದಳು. ಅವನು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿ, "ಹೋಗ್ಲಿ, ಅದನ್ನ ಮುಚ್ಚಿಬಿಡ್ತೀನಿ" ಎಂದ. ಏನನ್ನು, ಯಾವುದರಿಂದ ಎಂದು ಅವಳು ಕೇಳಲಿಲ್ಲ. ಎಷ್ಟೋ ಮಾತುಗಳನ್ನು ಅವನು ಹಾಗೆ ಅರ್ಧ ತನಗೇ ಆಡಿಕೊಳ್ಳುತ್ತಿದ್ದ. ಈಗ ಸಂಶೋಧಕಿ ಕಿರುಬೆರಳ ಮೇಲಿನ ಸೀರೆಯ ಅಂಚಿಗೆ ನಾಜೂಕು ಎಂದು ಹೆಸರಿಟ್ಟಿದ್ದಾರೆ. ಆ ನಾಜೂಕು ಅವಳ ಸಿಡುಕು.

ಅವಳು ದಾಖಲೆಯ ಕಪಾಟು ತೆಗೆದಳು. ಕೋಣೆಗೆ ಒಂದು ನಿಯಮವಿತ್ತು, ಮೇಷ್ಟ್ರು ಹಾಕಿಕೊಟ್ಟದ್ದು. ಮೇಷ್ಟ್ರು ಎಂದರೆ ಕೋಣೆಯ ಹಿರಿಯರು, ಗಂಡನಿಗೆ ಕೆಲಸ ಕಲಿಸಿದವರು. ಹರಿದು ಹೋದ ಜಾಗಕ್ಕೆ ಕಾಗದದ ತೇಪೆ ಹಾಕಿ ಬಣ್ಣ ತುಂಬಬಹುದು. ಆದರೆ ಕೂದಲೆಳೆಯ ಸಣ್ಣ ಸಣ್ಣ ಗೆರೆಗಳಲ್ಲಿ ಮಾತ್ರ. ದೂರ ನಿಂತವನಿಗೆ ಚಿತ್ರ ಇಡಿಯಾಗಿ ಕಾಣಬೇಕು, ಹತ್ತಿರ ಬಂದವನಿಗೆ ಇದು ಹಳಬನ ಕೈಯಲ್ಲ, ನಮ್ಮದು ಎಂದು ಗೊತ್ತಾಗಬೇಕು. ಹಳಬನ ಹಾಗೆ ಬರೆಯುವುದು ಕೌಶಲವಲ್ಲ, ಕಳ್ಳತನ. ಒಂದೊಂದು ಹಾಳೆಗೂ ಮೂರು ಫೋಟೋ ಬೇಕು, ಮೊದಲು, ನಡುವೆ, ಕೊನೆಗೆ. ಏಳನೆಯ ಹಾಳೆಯ ಮೊದಲ ಫೋಟೋದಲ್ಲಿ ಕಾಲಿನ ಜಾಗದಲ್ಲಿ ಯಾರೋ ಹಿಂದಿನವರು ಅಂಟಿಸಿದ್ದ ಕಂದು ಪಟ್ಟಿ. ಕೊನೆಯ ಫೋಟೋದಲ್ಲಿ ಕಾಲು. ಪಟ್ಟಿ ತೆಗೆದ ಮೇಲೆ ಅಲ್ಲಿ ಏನಿತ್ತೆಂದು ಹೇಳಬೇಕಿದ್ದ ನಡುವಿನ ಫೋಟೋ ಇರಲಿಲ್ಲ. ಅದನ್ನು ಅವಳು ಕೇಳಿ ತೆಗೆಸಬೇಕಿತ್ತು. ಕೆಳಗೆ ಅವಳದೇ ಅಕ್ಷರ, ಸ್ವಲ್ಪ ಬಲಕ್ಕೆ ವಾಲಿದ್ದು: ತೇಪೆ, ಅಂಚುಗಳಲ್ಲಿ ಮಾತ್ರ. ಬಣ್ಣ ತುಂಬಿದ್ದು, ಇಲ್ಲ.

ಆ 'ಇಲ್ಲ'ವನ್ನು ಬರೆದ ದಿನ ಅವಳಿಗೆ ಚೆನ್ನಾಗಿ ನೆನಪಿತ್ತು. ಅವನಿಗೆ ಜ್ವರ, ಎರಡು ದಿನದಲ್ಲಿ ಹೋಗುತ್ತದೆ ಎಂದುಕೊಂಡಿದ್ದ ಜ್ವರ. ಅವನು ಮಂಚದ ಮೇಲೆ, ಅವಳು ಪಕ್ಕದಲ್ಲಿ ದಾಖಲೆಯ ಪುಸ್ತಕ ಹಿಡಿದು. ಒಂದನೇದು, ಎರಡನೇದು, ಅವನು ಕಣ್ಣು ಮುಚ್ಚಿ ಹೇಳುತ್ತಿದ್ದ, ಅವಳು ಬರೆಯುತ್ತಿದ್ದಳು. ಏಳನೇದಕ್ಕೆ ಬಂದಾಗ ಕಣ್ಣು ತೆರೆದ. "ಏಳನೇದನ್ನ ನೀನೇ ನೋಡಿ ಬರಿ." "ನಂಗೆಲ್ಲಪ್ಪ ಪುರುಸೊತ್ತು? ಹೇಳು ಬೇಗ." "ನೋಡೇ ಒಂದ್ಸಲ." "ಬಣ್ಣ ತುಂಬಿದೀಯಾ ಇಲ್ವಾ, ಅಷ್ಟು ಹೇಳು ಸಾಕು." ಅವನು ನಕ್ಕ. ಆಟದಲ್ಲಿ ಅಡಗಿಕೊಂಡವನ ನಗು. "ಹಾಗಾದ್ರೆ ಇಲ್ಲ ಅಂತ ಬರ್ಕೋ." ಅವಳು ಬರೆದುಕೊಂಡಳು. ಅವನು ಅದನ್ನು ಹೆಚ್ಚು ದಿನ ಹಾಗೇ ಬಿಡುತ್ತಿರಲಿಲ್ಲ, ಅದು ಅವಳಿಗೆ ಗೊತ್ತು. ಅವಳು ಕಂಡುಹಿಡಿದ ದಿನ ಇಬ್ಬರೂ ನಕ್ಕು, ಅವನೇ ಒದ್ದೆ ಹತ್ತಿಯಿಂದ ಅದನ್ನು ಒರೆಸಿ, ನಿಯಮದಂತೆ ಗೆರೆ ಎಳೆಯುತ್ತಿದ್ದ. ಒಂದು ವಾರದ ತಮಾಷೆ. ಆದರೆ ಜ್ವರ ಇಳಿಯಲಿಲ್ಲ, ಆಸ್ಪತ್ರೆಯಲ್ಲಿ ಐದು ವಾರ ಇದ್ದ. ಮಾತಾಡುವ ಶಕ್ತಿ ಇದ್ದ ದಿನಗಳಲ್ಲೆಲ್ಲ ಕೇಳುತ್ತಿದ್ದ, "ಏಳನೇದು ನೋಡಿದ್ಯಾ?" ಈ ಸ್ಥಿತಿಯಲ್ಲೂ ಕೆಲಸದ ಚಿಂತೆ ಎಂದು ಅವಳಿಗೆ ಸಂಕಟವಾಗುತ್ತಿತ್ತು. ಸಮಾಧಾನವಾಗಲಿ ಎಂದು ಒಂದು ದಿನ ಹೇಳಿದಳು, "ನೋಡ್ದೆ." ಅವನ ಮುಖ ಅರಳಿತು. "ನೋಡಿದ್ಯಾ? ಏನನ್ನಿಸ್ತು?" "ಚೆನ್ನಾಗಿದೆ." "ಏನು ಚೆನ್ನಾಗಿದೆ?" "ಎಲ್ಲಾ ಚೆನ್ನಾಗಿದೆ. ಸುಮ್ನೆ ಮಲ್ಕೋ." ಅವನು ಅವಳನ್ನು ಒಂದಷ್ಟು ಹೊತ್ತು ನೋಡಿ, ಸಿಟ್ಟಿಲ್ಲದೆ, ಸರಿ ಎಂಬಂತೆ ತಲೆ ಆಡಿಸಿ ಕಣ್ಣು ಮುಚ್ಚಿದ. ಮತ್ತೆ ಕೇಳಲಿಲ್ಲ. ನೋಡುವುದೇ ಅವಳ ಕೆಲಸ. ನೋಡಿದ್ದನ್ನು ಬರೆದಿಡುವುದಕ್ಕೆ ಅವಳಿಗೆ ಸಂಬಳ ಕೊಡುತ್ತಿದ್ದರು.

ಮಧ್ಯಾಹ್ನವೆಲ್ಲ ಅವಳು ಫಲಕದ ವಾಕ್ಯವನ್ನು ತಿದ್ದಿದಂತೆ ಮಾಡುತ್ತಿದ್ದಳು. ಹೇಳದಿದ್ದರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಪುಸ್ತಕ ಅಚ್ಚಾಗುತ್ತದೆ. ಗಂಡ ಮುನ್ನೂರು ವರ್ಷದ ಹಿಂದಿನ ಒಬ್ಬ ಉಸ್ತಾದನಾಗಿ, ಹೆಸರಿಲ್ಲದ ಆ ದೊಡ್ಡವರ ಸಾಲಿನಲ್ಲಿ ಕೂರುತ್ತಾನೆ. ಹಳೆಯ ಚಿತ್ರಶಾಲೆಗಳಲ್ಲಿ ಒಬ್ಬ ಗೆರೆ ಎಳೆದರೆ ಇನ್ನೊಬ್ಬ ಬಣ್ಣ ಹಾಕುತ್ತಿದ್ದ, ಮುಖ ಬರೆಯುವವನು ಮತ್ತೊಬ್ಬ, ಯಾರೂ ಸಹಿ ಹಾಕುತ್ತಿರಲಿಲ್ಲ. ಅದು ಗಂಡನಿಗೆ ಬಹಳ ಇಷ್ಟದ ಸಂಗತಿ. ತೇಪೆ ಹಾಕುವವನು ಅವರಲ್ಲಿ ಕೊನೆಯವನು ಎನ್ನುತ್ತಿದ್ದ. ಈಗ ಕೊನೆಯವನಿಗೆ ಒಂದು ಇಡೀ ಅಧ್ಯಾಯ. ಹೇಳಿದರೆ? ಅವನು ನಿಯಮ ಮುರಿದವನಾಗುತ್ತಾನೆ. ಮೇಷ್ಟ್ರು ಹನ್ನೆರಡು ಹಾಳೆಗಳನ್ನೂ ಅನುಮಾನದಿಂದ ನೋಡುತ್ತಾರೆ, ಆಮೇಲೆ ಅವನು ಮುಟ್ಟಿದ ಎಲ್ಲವನ್ನೂ. ಮತ್ತು ಆ ಕಾಲನ್ನು ಒರೆಸಿ ತೆಗೆಯುತ್ತಾರೆ. ಅವಳನ್ನು ಅವನು ನೋಡಿದ್ದಕ್ಕೆ ಈ ಭೂಮಿಯ ಮೇಲೆ ಉಳಿದಿರುವ ಗುರುತು ಅದೊಂದೇ.

ಸಂಜೆ ಕೊನೆಯ ಫೋಟೋದ ದೊಡ್ಡ ಪ್ರತಿಯೊಂದನ್ನು ಕವರಿನಲ್ಲಿ ಹಾಕಿಕೊಂಡು ಮನೆಗೆ ಹೋದಳು. ಅತ್ತೆ ಬಾಗಿಲಿಗೆದುರಾಗಿ, ಮೊಣಕಾಲಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಕೂತಿದ್ದರು. ನಲವತ್ತು ವರ್ಷ ನೃತ್ಯ ಕಲಿಸಿದವರು. ಜನರನ್ನು ಅವರು ಮುಖದಿಂದ ಗುರುತಿಸುತ್ತಿರಲಿಲ್ಲ. ಮೆಟ್ಟಿಲ ಮೇಲಿನ ಸದ್ದಿನಿಂದಲೇ ಯಾರು, ಯಾವ ಮನಸ್ಸಿನಲ್ಲಿ ಬರುತ್ತಿದ್ದಾರೆ ಎಂದು ಹೇಳುತ್ತಿದ್ದರು.

"ಇವತ್ತು ಎಡಗಾಲು ಎಳೀತಾ ಇದೀಯಲ್ಲೇ, ಏನಾಯ್ತು?"

"ಏನಿಲ್ಲ ಅತ್ತೆ." ಅವಳು ಚಪ್ಪಲಿ ಬಿಟ್ಟು, ಕವರಿನಿಂದ ಚಿತ್ರ ತೆಗೆದು ಅವರ ಕೈಗೆ ಕೊಟ್ಟಳು. "ಇದನ್ನ ನೋಡಿ."

ಅತ್ತೆ ಕನ್ನಡಕ ಹುಡುಕಲಿಲ್ಲ. ಚಿತ್ರವನ್ನು ದೂರ ಹಿಡಿದು, ವೀಣೆಯನ್ನೂ ಜಿಂಕೆಯನ್ನೂ ದಾಟಿ, ನೇರವಾಗಿ ಕೆಳಗೆ ನೋಡಿದರು. ಆಮೇಲೆ ನೆಲದ ಮೇಲಿದ್ದ ಅವಳ ಬರಿಗಾಲನ್ನು ನೋಡಿದರು.

"ಇದು ನಿನ್ ಕಾಲಲ್ವೇನೇ?"

ಈ ಸಲ ಅವಳು ಬೆರಳು ಮಡಿಚಿಕೊಳ್ಳಲಿಲ್ಲ.

"ನಿನ್ದೇ. ಮೊದಲ್ನೇ ದಿನ ಅವನು ನಿನ್ನ ಮನೆಗೆ ಕರ್ಕೊಂಡು ಬಂದಾಗ್ಲೇ ನೋಡಿದ್ದೆ ನಾನು. ಅಯ್ಯೋ, ಈ ಬೆರಳಿಟ್ಕೊಂಡು ನನ್ ಕ್ಲಾಸಿಗೆ ಬಂದಿದ್ರೆ ವಾಪಸ್ ಕಳಿಸ್ತಿದ್ದೆ ಅಂದೆ ಅವನಿಗೆ. ನಾನು ಕ್ಲಾಸಿಗಲ್ಲ ಕರ್ಕೊಂಡು ಬಂದಿರೋದು ಅಂದ ಅವನು." ಅತ್ತೆಗೆ ನಗು ಬಂತು. ನಗುತ್ತಲೇ ಚಿತ್ರವನ್ನು ಹತ್ತಿರ ತಂದುಕೊಂಡರು. "ಇವನು ಯಾವಾಗ ಬರೆದ ಇದನ್ನ?"

ಅವಳು ಹೇಳಿದಳು. ನಿಯಮ, ಕಂದು ಪಟ್ಟಿ, ತನ್ನ 'ಇಲ್ಲ', ಪುಸ್ತಕ, ನಾಳೆ ಮಧ್ಯಾಹ್ನ. ಆಸ್ಪತ್ರೆಯ ಮಾತನ್ನು ಮಾತ್ರ ಹೇಳಲಿಲ್ಲ. ಹತ್ತು ತಿಂಗಳಲ್ಲಿ ಒಟ್ಟಿಗೆ ಅಷ್ಟು ವಾಕ್ಯ ಅವಳು ಆಡಿರಲಿಲ್ಲ. ಅತ್ತೆಯ ಚೀಲದ ಬಿಸಿನೀರು ತಣ್ಣಗಾಗಿತ್ತು. ಅದನ್ನು ಬದಲಿಸಲು ಎದ್ದವಳನ್ನು ಅವರು ಸೆರಗು ಹಿಡಿದು ಕೂರಿಸಿದರು.

"ಹೇಳಿದ್ರೆ ಅಳಿಸ್ತಾರಾ?"

"ಹೂಂ."

"ಅವನಿಗೆ ಕೆಟ್ಟ ಹೆಸರಾ?"

"ಹೂಂ. ಒಂದಷ್ಟು."

"ಏನ್ ಮಾಡ್ಲಿ ಅತ್ತೆ?" ಎಂದು ಕೊನೆಗೆ ಅವಳೇ ಕೇಳಿದಳು.

ಅತ್ತೆ ಚಿತ್ರವನ್ನು ಮಡಿಲಲ್ಲಿ ಇಟ್ಟುಕೊಂಡರು. "ನನ್ನ ಕೇಳ್ಬೇಡ ಕಣಮ್ಮ. ನಾನು ಅವನ ತಾಯಿ. ಇರ್ಲಿ ಬಿಡು, ಯಾರಿಗೇನು ನಷ್ಟ ಅಂತಾನೇ ನಾನು ಹೇಳೋದು. ನಾಳೆ ಕೇಳಿದ್ರೂ ಅದನ್ನೇ ಹೇಳ್ತೀನಿ. ನೀನು ಬೇರೆ ಯಾರನ್ನಾದ್ರೂ ಕೇಳು." ಆಮೇಲೆ ಚಿತ್ರವನ್ನು ಮತ್ತೆ ಎತ್ತಿಕೊಂಡು, "ಹಿಮ್ಮಡಿ ಮಾತ್ರ ಸರಿಯಾಗಿ ಹಿಡಿದಿದಾನೆ" ಎಂದರು. "ಭಾರ ಎಲ್ಲಿ ಬೀಳತ್ತೆ ಅನ್ನೋದು ಅವನಿಗೆ ಚಿಕ್ಕಂದಿನಿಂದ್ಲೂ ಗೊತ್ತಿತ್ತು. ಕ್ಲಾಸಿನ ಮೂಲೇಲಿ ಕೂತು ಹುಡ್ಗೀರ ಕಾಲು ಬರೀತಾ ಇದ್ದ. ಇವನೇನಪ್ಪ ಹಿಂಗೆ ಅಂತ ನಂಗೆ ಭಯ ಆಗಿತ್ತು." ಇಬ್ಬರೂ ನಕ್ಕರು. ಅತ್ತೆ ಕಣ್ಣೊರೆಸಿಕೊಂಡರು, ಅವಳ ಕಣ್ಣು ಒಣಗಿತ್ತು. ಒಳಗೆ ಏನೋ ಅಲುಗಿದ್ದು ಮಾತ್ರ ಗೊತ್ತಾಯಿತು, ಬಹಳ ದಿನ ಮುಚ್ಚಿದ್ದ ಕಿಟಕಿಯನ್ನು ಹೊರಗಿನಿಂದ ಯಾರೋ ದೂಡಿದ ಹಾಗೆ.

ಬೆಳಿಗ್ಗೆ ಬಸ್ಸಿನಲ್ಲಿ ಕೂತಾಗಲೂ ಅವಳು ತೀರ್ಮಾನ ಮಾಡಿರಲಿಲ್ಲ. ಎದುರಿನ ಸೀಟಿನ ಜನರ ಕಾಲುಗಳನ್ನು ನೋಡುತ್ತಿದ್ದಳು. ಸವೆದ ಹಿಮ್ಮಡಿ, ಹೆಬ್ಬೆರಳು ಇಣುಕುವ ಕಾಲುಚೀಲ, ಮಗುವೊಂದರ ನೇತಾಡುವ ಎರಡು ಕಾಲು. ಒಂದೂ ಇನ್ನೊಂದರ ಹಾಗಿರಲಿಲ್ಲ. ಅವನು ಇಷ್ಟು ವರ್ಷ ಬಸ್ಸಿನಲ್ಲಿ ಏನು ನೋಡುತ್ತ ಕೂತಿರುತ್ತಿದ್ದ ಎಂದು ಈಗ ಅವಳಿಗೆ ತಿಳಿಯಿತು, ಮತ್ತು ತಾನು ಆ ಹೊತ್ತಿನಲ್ಲೆಲ್ಲ ಕಿಟಕಿಗೆ ಒರಗಿ ನಿದ್ದೆ ಮಾಡುತ್ತಿದ್ದೆ ಎನ್ನುವುದೂ. ನೋಡ್ದೆ, ಎಂದು ಅವನಿಗೆ ಹೇಳಿದ ಸುಳ್ಳು ಒಂದು. ನೋಡದೆ ಬರೆದ ಸುಳ್ಳು ಇನ್ನೊಂದು. ಮೂರನೆಯದನ್ನು ಈಗ ಬಾಯಿ ಮುಚ್ಚಿಕೊಂಡು ಹೇಳಬೇಕು. ಅವನನ್ನು ಉದ್ದಬೆರಳಿನ ಚಿತ್ರಕಾರ ಎಂದು ಕರೆಯಲು ಬಿಟ್ಟರೆ, ಆ ಬೆರಳು ಯಾವುದೋ ಕಾಲದ ಯಾವುದೋ ಹೆಂಗಸಿನದಾಗುತ್ತದೆ. ಆಗ ತಾನು ಅವನ ಎದುರು ಆ ಭಾನುವಾರ ಕೂತೇ ಇರಲಿಲ್ಲ ಎಂದಾಗುತ್ತದೆ.

ಕೋಣೆಯಲ್ಲಿ ಸಂಶೋಧಕಿ ಮೇಷ್ಟ್ರ ಜೊತೆ ಚಿತ್ರಗಳ ಅಡಿಬರಹ ಹೋಲಿಸುತ್ತಿದ್ದರು. ಅವಳು ಕೈಚೀಲವನ್ನೂ ಕೆಳಗಿಡದೆ ನಿಂತು ಹೇಳಿದಳು, "ಮೇಡಂ, ಏಳನೇ ಹಾಳೆಯ ಕಾಲು ಹಳೇದಲ್ಲ. ಅದು ನನ್ನ ಗಂಡ ಬರೆದಿದ್ದು. ದಾಖಲೆ ತಪ್ಪು. ತಪ್ಪು ಬರೆದಿದ್ದು ನಾನು."

ಚೌಕಟ್ಟಿನವರ ಸುತ್ತಿಗೆ ನಿಂತಿತು. ಸಂಶೋಧಕಿ ಮೂಗಿನ ಮೇಲಿನ ಕನ್ನಡಕ ತೆಗೆದರು, ತಲೆಯ ಮೇಲಿನದನ್ನೂ ತೆಗೆದರು. ಅವೆರಡೂ ಇಲ್ಲದ ಅವರ ಮುಖ ಚಿಕ್ಕದಾಗಿ, ವಯಸ್ಸಾದಂತೆ ಕಂಡಿತು.

"ನಿನಗೆ ಹೇಗೆ ಗೊತ್ತು?"

"ಅದು ನನ್ ಕಾಲು."

ಸಂಶೋಧಕಿ, "ತೋರ್ಸು" ಎಂದರು.

ಅವಳು ಸ್ಟೂಲಿನ ಮೇಲೆ ಕೂತು ಚಪ್ಪಲಿ ಬಿಟ್ಟಳು. ಅರವತ್ತು ದಾಟಿದ ಆ ಹೆಂಗಸು ಭೂತಗನ್ನಡಿ ಹಿಡಿದು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತರು. ಅವಳಿಗೆ ಕಿವಿಯವರೆಗೆ ಬಿಸಿಯೇರಿತು. ಬೆಳಿಗ್ಗೆ ಕಾಲಿಗೆ ನೀರು ಹಾಕಿಕೊಂಡಿದ್ದೆನೋ ಇಲ್ಲವೋ ಎಂಬ ಯೋಚನೆ ಬಂತು. ಸಂಶೋಧಕಿ ನೋಡಿದರು, ಎದ್ದು ಹಾಳೆಯನ್ನು ನೋಡಿದರು, ಮತ್ತೆ ಕೂತು ನೋಡಿದರು. "ಎಂಟು ತಿಂಗಳು ಕಣಮ್ಮ" ಎಂದರು ಕೊನೆಗೆ, ನೆಲದಿಂದಲೇ. "ನಿನ್ ಗಂಡ ನನ್ನ ಎಂಟು ತಿಂಗಳು ತಿಂದ." ಆಮೇಲೆ ಏಳಲಾಗದೆ ಅವಳ ಮೊಣಕಾಲನ್ನೇ ಹಿಡಿದು ಎದ್ದರು. "ಆದರೂ ನಾನು ಹೇಳಿದ್ದು ಸುಳ್ಳಲ್ಲ ನೋಡು. ಯಾರನ್ನೋ ಎದುರಿಗೆ ಕೂರಿಸ್ಕೊಂಡು ಬರೆದಿದಾನೆ ಅಂದೆ. ಅದಂತೂ ನಿಜ." ಫೋನು ಎತ್ತಿಕೊಂಡು ಹೊರಗೆ ಹೋದರು, ಮುದ್ರಕರಿಗೆ ಒಂದು ಅಧ್ಯಾಯ ನಿಲ್ಲಿಸಿ ಎಂದು ಹೇಳುವುದು, ಅವರೇನೋ ಕೇಳುವುದು, "ಕಾರಣ ಆಮೇಲೆ ಹೇಳ್ತೀನ್ರೀ, ದೊಡ್ಡ ಕಥೆ" ಎಂದು ಇವರು ಗದರುವುದು ಕೇಳಿಸಿತು.

ಮೇಷ್ಟ್ರು ಹನ್ನೆರಡು ಹಾಳೆಗಳನ್ನೂ ಕತ್ತಲೆ ಕೋಣೆಗೆ ಒಯ್ದರು. ಅಲ್ಲಿದ್ದ ನೀಲಿ ದೀಪದ ಕೆಳಗೆ ಹಳೆಯ ಬಣ್ಣ ಒಂದು ರೀತಿ ಕಾಣುತ್ತದೆ, ಹೊಸದು ಇನ್ನೊಂದು ರೀತಿ. ಅವಳು ಜೊತೆಗೆ ಹೋದಳು. ಒಂದನೆಯ ಹಾಳೆ ಬರುವಾಗ ಅವಳ ಪ್ರಾರ್ಥನೆ ಏನೂ ಇರದಿರಲಿ ಎಂದೇ ಇತ್ತು. ಅವನ ಗೆರೆಗಳು ಕಂಡವು, ನಿಯಮದಂತೆ, ಒಂದರ ಪಕ್ಕ ಒಂದು, ಬಾಚಿದ ಕೂದಲಿನ ಹಾಗೆ. ಎರಡನೆಯದೂ ಹಾಗೆಯೇ. ಮೂರು, ನಾಲ್ಕು. ಐದನೆಯದಕ್ಕೆ ಬರುವಾಗ ತಾನು ಬೇರೆಯದನ್ನೇ ಬೇಡಿಕೊಳ್ಳುತ್ತಿದ್ದೇನೆ ಎಂದು ಅವಳಿಗೆ ಗೊತ್ತಾಯಿತು. ಇನ್ನೊಂದು ಇರಲಿ. ಎಲ್ಲಾದರೂ ಮರದ ಹಿಂದೆ ಒಂದು ಕಿವಿ, ಒಂದು ಮಣಿಕಟ್ಟು, ತಾನು ಮಲಗಿದ್ದಾಗ ಅವನು ನೋಡಿದ ಒಂದು ಕತ್ತು. ನಿಯಮ ಮುರಿದಿರಲಿ. ಏಳನೆಯದರಲ್ಲಿ ಕಾಲಷ್ಟೂ ಕಪ್ಪಾಗಿ, ಎಲೆಯ ಮೇಲೆ ಬಿದ್ದ ಇನ್ನೊಂದು ಎಲೆಯಂತೆ ಎದ್ದು ಕಂಡಿತು. ಎಂಟು, ಒಂಬತ್ತು, ಹತ್ತು. ಹನ್ನೆರಡನೆಯದನ್ನು ಮೇಷ್ಟ್ರು ಎರಡು ಸಲ ತಿರುಗಿಸಿ ನೋಡಿದರು. ಅವರೂ ಹುಡುಕುತ್ತಿದ್ದಾರೇನೋ ಅನಿಸಿತು.

"ಒಂದೇ" ಎಂದರು ಮೇಷ್ಟ್ರು. "ಉಳಿದಿದ್ದೆಲ್ಲ ಅಚ್ಚುಕಟ್ಟು. ನನಗಿಂತ ಅಚ್ಚುಕಟ್ಟು."

"ಒಂದೇನಾ?" ಎಂದಳು. ಅದನ್ನು ಕೇಳಿದ ದನಿ ಅವಳಿಗೇ ಪರಿಚಯವಿರಲಿಲ್ಲ. ಅವಳು ನೀಲಿ ದೀಪದ ಮೇಜಿಗೆ ಎರಡೂ ಕೈ ಊರಿ ನಿಂತಳು. ಅಳು ಬಂದಾಗ ಅದಕ್ಕೆ ಸದ್ದಿತ್ತು, ಮುಜುಗರವಾಗುವಷ್ಟು. ಮೇಷ್ಟ್ರು ಮೊದಲು ಹಾಳೆಗಳನ್ನು ಅವಳ ಕಣ್ಣೀರು ಬೀಳದಷ್ಟು ದೂರಕ್ಕೆ ಸರಿಸಿ, ಆಮೇಲೆ ಬಂದು ಅವಳ ಬೆನ್ನ ಮೇಲೆ ಕೈಯಿಟ್ಟರು. "ಗೆರೆ ಹಾಕೋದನ್ನ ನಾನು ಕಲಿಸಿದೆ" ಎಂದರು. "ಇದನ್ನ ಕಲಿಸಲಿಲ್ಲಪ್ಪ ನಾನು. ನಂಗೆ ಬರಲ್ಲ."

ಹೊರಗೆ ಬಂದು ಅವಳು ದಾಖಲೆಯ ಹೊಸ ಪುಟ ತೆಗೆದಳು. ಬಣ್ಣ ತುಂಬಿದ್ದು, ಹೌದು. ಜಾಗ, ಎಡಗಾಲು. ತುಂಬಿದ ರೀತಿ, ನಿಯಮದಂತಲ್ಲ. ಆಧಾರ, ಎಂಬಲ್ಲಿ ನಿಂತಳು. ತುಂಬುವವನು ಯಾವುದನ್ನು ನೋಡಿ ತುಂಬಿದ ಎಂದು ಅಲ್ಲಿ ಬರೆಯಬೇಕು: ನಾಲ್ಕನೆಯ ಹಾಳೆಯ ಮರ, ಒಂಬತ್ತನೆಯದರ ಬಾಗಿಲು, ಹೀಗೆ. ಗೆರೆ ಉದ್ದವಾಗಿತ್ತು. ದಾಖಲೆ ಬರೆದವಳ ಎಡಗಾಲು, ಎಂದು ಬರೆದಳು. ಆಮೇಲೆ ಹಾಳೆಯನ್ನು ಭೂತಗನ್ನಡಿಯ ಕೆಳಗೆ ಎಳೆದುಕೊಂಡು ನೋಡತೊಡಗಿದಳು. ಪಾದದ ಮೇಲ್ಭಾಗಕ್ಕೆ ಅವನು ಮೂರು ಕಂದು ಬಳಸಿದ್ದ. ಹಿಮ್ಮಡಿಯ ಬಿರುಕಿಗೆ ಒಂದೇ ಒಂದು ಗೆರೆ, ನಡುವೆ ಕುಂಚ ಎತ್ತಿರಲಿಲ್ಲ. ಉಗುರುಗಳು ನಾಲ್ಕು, ಎರಡನೆಯದರಲ್ಲಿ ಕಂಡೂ ಕಾಣದಷ್ಟು ಬಿಳಿ. ಹುಲ್ಲು ಪಾದದ ಕೆಳಗೆ ತುಸು ಬಾಗಿತ್ತು. ಭಾರ ಅವನು ಬಲ್ಲ. ಒಂದೊಂದನ್ನೇ ನೋಡಿ ಒಂದೊಂದನ್ನೇ ಬರೆದಳು. ಮೇಷ್ಟ್ರು ಪಕ್ಕದ ಸ್ಟೂಲಿನಲ್ಲಿ ಕಡ್ಡಿಗೆ ಹತ್ತಿ ಸುತ್ತಿ, ನೀರಿನಲ್ಲಿ ಅದ್ದಿ ಕಾಯುತ್ತಿದ್ದರು. ಹತ್ತಿ ಒಣಗಿತು. ಮತ್ತೆ ಅದ್ದಿದರು. ಸಂಶೋಧಕಿ ಬಂದು ನೋಡಿ, ಇನ್ನೊಂದು ಸ್ಟೂಲು ಎಳೆದುಕೊಂಡು ಕೂತರು. ಮೂರನೆಯ ಸಲ ಅದ್ದಿದಾಗ ಅವಳು ಪೆನ್ನು ಮುಚ್ಚಿದಳು.

"ಆಯ್ತಾ?" ಎಂದರು ಮೇಷ್ಟ್ರು.

"ಹೂಂ."

ಅವರು ಬಗ್ಗಿದರು. ಕಡ್ಡಿಯ ತುದಿ ಹಾಳೆಯ ಮೇಲೆ ಒಂದು ಉಗುರಿನಷ್ಟು ಎತ್ತರದಲ್ಲಿ ನಿಂತಿತು. "ಎಲ್ಲಿಂದ ಶುರು ಮಾಡ್ಲಮ್ಮ?"

"ಹಿಮ್ಮಡಿಯಿಂದ" ಎಂದಳು. "ಬೆರಳು ಕೊನೆಗಿರ್ಲಿ."